ಬಿಸಿಲಿಗೆ ಹಿಡಿದು ನೋಡಿದ ಶಟರ್

ಒಂದು ಸೆಕೆಂಡಿಗೆ ಇಟ್ಟು ಒತ್ತಿದಾಗ ಶಟರ್ ಎಳೆದೆಳೆದು ಮುಚ್ಚಿಕೊಂಡಿತು. ನಿಂಗರಾಜು ಕ್ಯಾಮೆರಾವನ್ನು ಕಿವಿಗೆ ಹತ್ತಿರ ಹಿಡಿದು ಇನ್ನೊಮ್ಮೆ ಒತ್ತಿದ. ಮತ್ತೆ ಅದೇ ಸದ್ದು. ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಹೆಂಗಸು ಜಯಲಕ್ಷ್ಮಮ್ಮ. ಗಂಡ ದೇವಯ್ಯ ಪಾಂಡವಪುರದಲ್ಲಿ ಇಪ್ಪತ್ತು ವರ್ಷ ಸ್ಟುಡಿಯೋ ನಡೆಸಿ, ಮೂರು ತಿಂಗಳ ಹಿಂದೆ ಎದೆನೋವಿನಿಂದ ತೀರಿಕೊಂಡಿದ್ದ. ನೂರಿಪ್ಪತ್ತರ ರೋಲು ಹಾಕುವ, ಎರಡು ಕಣ್ಣಿನ ಈ ಜಪಾನ್ ಕ್ಯಾಮೆರಾ ಅವನದು. ಕೊಳ್ಳುವುದಾದರೆ ಬಾ ಎಂದು ಆಕೆಯೇ ಶ್ರೀರಂಗಪಟ್ಟಣದ ನಿಂಗರಾಜುವಿನ ಸ್ಟುಡಿಯೋಗೆ ಹೇಳಿಕಳಿಸಿದ್ದಳು. ಕೇಳಿದ ಬೆಲೆ ತೀರಾ ಕಮ್ಮಿ. ನಿಂಗರಾಜುವಿಗೆ ಅಲ್ಲಿಂದಲೇ ಅನುಮಾನ ಶುರುವಾಗಿತ್ತು.

ಅನುಮಾನಕ್ಕೆ ಕಾರಣವಿತ್ತು. ಹೋದ ವರ್ಷ ನಾಗಮಂಗಲದಲ್ಲಿ ಕಣ್ಣುಮುಚ್ಚಿಕೊಂಡು ಒಂದು ಹಳೆಯ ಕ್ಯಾಮೆರಾ ತಂದಿದ್ದ. ಕೆ.ಆರ್. ಪೇಟೆಯ ಮದುವೆಯೊಂದರಲ್ಲಿ ಅದರ ಸವೆದ ಶಟರ್ ಕೈಕೊಟ್ಟು, ಧಾರೆಯ ರೋಲು ಪೂರ್ತಿ ಖಾಲಿ ಬಂತು. ಹುಡುಗಿಯ ತಂದೆ ಬೈದು ಹೋದ. ಅದನ್ನು ತಡೆದುಕೊಳ್ಳಬಹುದಿತ್ತು. ಹುಡುಗಿ ಮಾತ್ರ ಬೈಯಲಿಲ್ಲ. “ತಾಳಿ ಕಟ್ಟಿದ್ದು ಒಂದಾರ ಬಂದಿಲ್ವಾ ಅಣ್ಣ?” ಎಂದು ಮೂರು ಸಲ ಕೇಳಿದಳು. ಇನ್ನೊಬ್ಬ ಹೆಣ್ಣುಮಗಳಿಗೆ ತನ್ನ ಕೈಯಿಂದ ಹಾಗಾದರೆ ಸ್ಟುಡಿಯೋಗೆ ಬೀಗ ಹಾಕುವುದೇ ಸೈ ಎಂದು ಅವನು ಅವತ್ತೇ ತೀರ್ಮಾನಿಸಿದ್ದ. ಆಮೇಲೆ ಬಾಬುರಾಯನಕೊಪ್ಪಲಿನಲ್ಲಿ ಒಂದು, ಪಾಂಡವಪುರದಲ್ಲಿ ಒಂದು ಕ್ಯಾಮೆರಾ ಬಿಚ್ಚಿ ನೋಡಿ ಬೇಡವೆಂದು ಬಂದ. ಬಿಚ್ಚಿ ನೋಡದೆ ನಿಂಗರಾಜು ಹುಡುಗಿಯನ್ನೂ ಒಪ್ಪುವುದಿಲ್ಲ ಎಂದು ಫೋಟೋದವರೆಲ್ಲ ನಗುತ್ತಿದ್ದರು. ನಗಲಿ ಬಿಡಿ, ಅವನ ಸಂಕಟ ಅವನಿಗೆ.

ಇಲ್ಲಿಯೂ ಒಂದೊಂದಾಗಿ ಕಣ್ಣಿಗೆ ಬೀಳುತ್ತಿತ್ತು. ಜಯಲಕ್ಷ್ಮಮ್ಮ ಕ್ಯಾಮೆರಾ ತಂದುಕೊಡಲಿಲ್ಲ.

“ಗೂಟದಲ್ಲಿ ಅದೆ, ನೀನೇ ಇಳಿಸ್ಕಳಪ್ಪ. ಅವ್ರು ಹೋದ್ ಮ್ಯಾಲೆ ನಾನು ಅದ್ಕೆ ಬೆರಳೂ ಸೋಕ್ಸಿಲ್ಲ.”

ಪಾಪ, ದುಃಖವಿರಬೇಕು ಎಂದುಕೊಂಡ. ಹಿಂಬದಿಯ ಸಣ್ಣ ಕೆಂಪು ಕಿಂಡಿಗೆ ಕಪ್ಪು ಟೇಪು ಅಂಟಿಸಿತ್ತು. ಬಿರುಕು ಮುಚ್ಚಿರಬೇಕು ಎಂದುಕೊಂಡ.

ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಚಪ್ಪರಕ್ಕೆ ಬಿದಿರು ಬಂದು ಬಿದ್ದಿತ್ತು.

“ಮದ್ವೆ ಏನಮ್ಮ?”

“ಊಂ, ಮಗಂದು. ಚಲುವರಾಜುದು. ವರ್ಸ ತುಂಬೋದ್ರೊಳಗೆ ಮಾಡಿ ಮುಗಿಸ್ಬೇಕಲ್ಲಪ್ಪ.”

ಎದುರು ಮನೆಯ ಜಗಲಿಯಲ್ಲಿ ತುಂಬು ಬಸುರಿಯೊಬ್ಬಳು ಕೂತು ಈ ಬಾಗಿಲನ್ನೇ ನೋಡುತ್ತಿದ್ದಳು. ಯಾರದು ಎಂದು ನಿಂಗರಾಜು ಕೇಳಿದ.

“ಪವಿತ್ರ ಅಂತ. ದಿನಾ ಬಂದು ಅಂಗೇ ಕೂತ್ಕತಾಳೆ. ನೀನು ಬಂದ ಕೆಲ್ಸ ನೋಡಪ್ಪ.”

ನೋಡಿದ. ಬೇಗದ ಸ್ಪೀಡುಗಳು ಪರವಾಗಿಲ್ಲ. ನಿಧಾನದವು ತೊಡರುತ್ತಿದ್ದವು. ಹತ್ತು ಹನ್ನೆರಡು ಸಲ ಒತ್ತಿ, ಕೊನೆಗೆ ಬಾಯಿಬಿಟ್ಟು ಹೇಳಿದ.

“ಸವೆದಂಗದೆ ಕಣಮ್ಮ. ಹಿಂದ್ಲಿಂದ ಬಿಚ್ಚಿ, ಬೆಳಕಿಗೆ ಹಿಡಿದು ನೋಡ್ದಲೆ ನಾನು ತಗಳಲ್ಲ. ಬೇಜಾರ್ ಮಾಡ್ಕಬ್ಯಾಡಿ.”

ಬೇಡ ಅನ್ನುತ್ತಾಳೆ, ಜಗಳಕ್ಕೆ ಬರುತ್ತಾಳೆ ಎಂದು ಕಾದ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು.

“ಬಿಚ್ಚಪ್ಪ. ನಾನು ಬ್ಯಾಡ ಅಂದ್ನಾ? ಹಿತ್ತಲಿಗೆ ಬಾ, ಬಿಸ್ಲು ಚೆಂದಾಗದೆ.” ಬೇಲಿಯಾಚೆ ಸಗಣಿ ತಟ್ಟುತ್ತಿದ್ದ ಪಕ್ಕದ ಮನೆಯವಳನ್ನೂ ಕೂಗಿದಳು. “ಕುಳ್ಳಮ್ಮ, ಒಂಚೂರು ಇಲ್ಲಿ ನಿಂತ್ಕಮ್ಮಿ. ಯಾಪಾರ ಅಂದ್ ಮ್ಯಾಲೆ ಕಣ್ಣಾರೆ ಕಂಡೋರು ಒಬ್ಬರಿರ್ಬೇಕು.”

ನಿಂಗರಾಜುವಿಗೆ ನಾಚಿಕೆಯಾಯಿತು. ಮೋಸ ಮಾಡುವವರು ಸಾಕ್ಷಿ ಕರೆಯುತ್ತಾರೆಯೇ? ಗಂಡ ಸತ್ತ ಹೆಂಗಸಿನ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಎಂದು ತನ್ನನ್ನೇ ಬೈದುಕೊಂಡ. ಹಿತ್ತಲಿನ ಒಗೆಯುವ ಕಲ್ಲಿನ ಬಳಿ ನಿಂತು, ಕೊಂಡಿ ತಿರುಗಿಸಿ ಬೆನ್ನಿನ ಬಾಗಿಲು ತೆರೆದ.

ಒಳಗೆ ರೋಲು ಇತ್ತು.

ನೆತ್ತಿಯ ಮೇಲಿನ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು. ಅವನು ಕೂಗಿಕೊಂಡು ಬಾಗಿಲು ಒತ್ತಿ ಮುಚ್ಚಿದ. ತಡವಾಗಿತ್ತು. ಟೇಪು ಕಿತ್ತು ಕಿಂಡಿಯಲ್ಲಿ ನಂಬರು ನೋಡಿ, ಒಳಗೆ ರೋಲಿದೆಯೇ ಎಂದು ತಿಳಿಯುವುದು ಕಲಿಯುವ ಹುಡುಗರಿಗೂ ಗೊತ್ತು. ಶಟರ್ ಒಂದೇ ತಲೆಗೆ ಹೊಕ್ಕಿದ್ದವನಿಗೆ ಹೊಳೆದಿರಲಿಲ್ಲ.

“ಅಯ್ಯೋ, ರೋಲಿತ್ತಲ್ಲಮ್ಮ! ನಿಮ್ ಯಜಮಾನ್ರು ತೆಗೆದಿದ್ದು!”

“ಹನ್ನೆರಡು ಫೋಟೋನೂ ಮುಗೀದಲೆ ಅವ್ರು ರೋಲು ಯಾವತ್ತೂ ತೊಳೀತಿರ್ಲಿಲ್ಲ,” ಎಂದಳು ಜಯಲಕ್ಷ್ಮಮ್ಮ. ಅವಳ ದನಿ ತಣ್ಣಗಿತ್ತು. “ಎಲ್ಲಾ ಹೋಯ್ತಾ?”

“ಒಳಗೆ ಸುತ್ಕಂಡಿರೋವು ಒಂದೆರಡು ಉಳಿದ್ರೂ ಉಳೀಬೋದು.”

“ಕಟ್ಟಕಡೇಗೆ ತೆಗೆದಿದ್ದು?”

“ಮೊದ್ಲು ಹೋಗೋದೇ ಅದು ಕಣಮ್ಮ.” ಅವನು ತೋಳಿನಿಂದ ಕಣ್ಣೊರೆಸಿಕೊಂಡ. “ನಂದೇ ತಪ್ಪು. ಏನಿತ್ತೋ ಏನೋ ಅದ್ರಲ್ಲಿ.”

ಕುಳ್ಳಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬೇಲಿಯಾಚೆ ಹೊರಟುಹೋದಳು. ಜಯಲಕ್ಷ್ಮಮ್ಮ ಒಗೆಯುವ ಕಲ್ಲಿನ ಮೇಲೆ ಕೂತು, ಬಹಳ ದಿನಗಳಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು.

“ನೀನು ಅಳಬ್ಯಾಡ ಕಣಪ್ಪ. ನಮ್ ಯಜಮಾನ್ರು ಕದ್ದು ಮೇಲುಕೋಟೆಗೆ ಕರ್ಕೊಂಡೋಗಿ, ನಮ್ ಚಲುವರಾಜು ಕೈಲಿ ಆ ಪವಿತ್ರಂಗೆ ತಾಳಿ ಕಟ್ಟಿಸಿ ತೆಗೆದ ಫೋಟೋನ ನಾನು ಹಾಳು ಮಾಡಿಲ್ಲ ಅಂತ, ನಾಳೆ ಊರೋರು ಕೇಳಿದ್ರೂ ಬೋರೇದೇವ್ರ ಮುಂದೆ ನಿಂತು ಧೈರ್ಯವಾಗಿ ಆಣೆ ಮಾಡ್ತೀನಿ.”