ಒಣಮಸಿ

"ಎಂಜಿನ್ ಸವ್ದೋಯ್ತು ಕಣವ್ವ, ಕೊಟ್ಬುಡಾಣ," ಎಂದ ನಂಜುಂಡೇಶ. ಊಟಿ ಬಳಿಯ ಕೆತ್ತಿ ಊರಿನ ಕ್ಯಾರೆಟ್ ಸಾಗಿಸುತ್ತಿದ್ದ ಹಳೆಯ ಪೆಟ್ರೋಲ್ ಲಾರಿಗೆ ಗುಜರಿಯವನು, ಎಳೆದೊಯ್ಯುವ ಬಾಡಿಗೆ ಟ್ರ್ಯಾಕ್ಟರ್ ಬರುವ ಮೊದಲೇ, ಹಗ್ಗ ಕಟ್ಟುತ್ತಿದ್ದ. ಮಗಳು ಶೋಭಾರಾಣಿ ಎಂಜಿನ್ನಿನ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅವಕ್ಕೆ ಹಿಡಿದ ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಎಂಜಿನ್ ಸವೆದಿದ್ದರೆ ಎಣ್ಣೆಜಿಡ್ಡು ಅಂಟಬೇಕಿತ್ತು. ಇದು ಕಾಡಿಗೆಯಂಥ ಒಣಮಸಿ.

"ಸವ್ದಿಲ್ಲ ಕಣಪ್ಪ, ಪೆಟ್ರೋಲ್ ಜಾಸ್ತಿ ಕುಡ್ದದೆ."

ಯಾಕಿರಬಹುದೆಂದು ಕ್ಯಾಬಿನ್ ಹತ್ತಿದಳು. ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡಲು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಷ್ಟೇ ಎಳೆಯಬೇಕಾದ ಚೋಕ್ ಪೂರಾ ಹೊರಗೆ ಬಂದಿತ್ತು; ಅದರ ಹಿಡಿಗುಂಡಿಯಲ್ಲಿ ಅಪ್ಪನ ಬುತ್ತಿಚೀಲ ನೇತಾಡುತ್ತಿತ್ತು.

"ಇದೇನು ಗೂಟವಾ?"

"ಕೈಗೆಟುಕ್ತಿತ್ತಲ್ಲ," ಎಂದು ನಂಜುಂಡೇಶ ತಲೆ ಕೆರೆದುಕೊಂಡ.

ಚೋಕ್ ಒಳಗೊತ್ತಿ, ಪ್ಲಗ್ ಉಜ್ಜಿ ಹಾಕಿ ಕೀಲಿ ತಿರುಗಿಸಿದಳು. ಲಾರಿ ಕುಂಭಕರ್ಣನ ಹಾಗೆ ಆಕಳಿಸಿ, ಕೆಮ್ಮಿ, ಗುಡುಗಿತು.

"ಅಂಗಾದ್ರೆ ಊಟಿಗಂಟ ನಂಗೊಂದು ಸೀಟು ಕೊಡಮ್ಮ," ಎಂದ ಗುಜರಿಯವನು, ಹಗ್ಗ ಬಿಚ್ಚುತ್ತ.