ನೂರಾ ಹತ್ತು ಕುದುರೆ

“ನೀವು ಇಳೀರಿ ಯಜಮಾನ್ರೇ. ಪರೀಕ್ಷೆ ಅವರಿಗೆ, ನಿಮಗಲ್ಲ,” ಎಂದರು ಇನ್ಸ್‌ಪೆಕ್ಟರು. ಮಾವ ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು ಲಾರಿಯಿಂದ ಇಳಿದರು. ಸ್ಟಿಯರಿಂಗ್ ಹಿಂದೆ ಸೊಸೆಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಧೈರ್ಯವಾಗಿ ಹೋಗಿ ಬಾ ಮಗಳೇ ಅನ್ನಬೇಕೆಂದಿದ್ದರು. ಬಾಯಿಗೆ ಬಂದದ್ದು ಮಾತ್ರ, “ಕ್ಲಚ್ ಮೇಲೆ ಕಾಲಿಟ್ಕೊಂಡು ಕೂರಬೇಡ.” ಇನ್ಸ್‌ಪೆಕ್ಟರು ಬಾಗಿಲು ಎಳೆದುಕೊಂಡರು.

ಇಪ್ಪತ್ತೊಂಬತ್ತು ವರ್ಷ ಇಟ್ಟಿಗೆ ಹೊತ್ತು ಆ ಮನೆಯನ್ನು ನಡೆಸಿದ್ದೇ ಈ ಲಾರಿ. ಈಗ ಮಾವನ ಮಂಡಿ ಸವೆದು, ಡಾಕ್ಟರು ಕ್ಲಚ್ ತುಳಿಯಲೇಕೂಡದು ಅಂದಿದ್ದರು. ಮಗನನ್ನು ಕೂರಿಸೋಣ ಅಂದರೆ, ಪುಣ್ಯಾತ್ಮನಿಗೆ ಲಾರಿ ಹತ್ತಿದರೆ ಎರಡನೇ ತಿರುವಿಗೇ ವಾಂತಿ. ಇನ್ನು ಗುಜರಿಗೇ ಗತಿ ಎಂದು ಮಾವ ಒಂದು ದಿನ ಗೋಡೆ ಕಡೆ ಮುಖ ಮಾಡಿ ಹೇಳಿದಾಗ, ಬಟ್ಟೆ ಮಡಚುತ್ತಿದ್ದ ಸೊಸೆ, “ನಾನು ಓಡಿಸ್ತೀನಿ ಬಿಡಿ,” ಅಂದುಬಿಟ್ಟಳು. ಇವತ್ತು ಲೈಸೆನ್ಸ್ ಸಿಕ್ಕರೆ ಲಾರಿ ಮನೆಯಲ್ಲೇ ಉಳಿಯುತ್ತದೆ. ಸಿಗದಿದ್ದರೆ ನಾಳೆ ಬೆಳಿಗ್ಗೆ ಗುಜರಿಯವನು ಬಂದು ಎಳೆದುಕೊಂಡು ಹೋಗುತ್ತಾನೆ. ಅವನಿಗೆ ಮಾತು ಕೊಟ್ಟಾಗಿತ್ತು.

ಪಾಠ ಶುರುವಾದ ದಿನವೇ ಇಬ್ಬರಿಗೂ ಜಗಳ. ಸೊಸೆ ಕಾರಿನಲ್ಲಿ ಕೈ ಪಳಗಿದವಳು. ಎರಡೂ ಗಾಡಿಯ ಕಾಗದಪತ್ರ ಪಕ್ಕಪಕ್ಕ ಇಟ್ಟುಕೊಂಡು, “ಮಾವ, ನಿಮ್ಮ ಲಾರಿ ಎಂಜಿನ್ನು ಐದೂ ಮುಕ್ಕಾಲು ಲೀಟರು, ಶಕ್ತಿ ನೂರಾ ಹತ್ತು ಕುದುರೆಯದು. ನನ್ನ ಕಾರಿಂದು ಒಂದೇ ಲೀಟರು, ಅದಕ್ಕೂ ನೂರಾ ಹತ್ತೇ. ನಿಮ್ಮದಕ್ಕೆ ಹೊಟ್ಟೆ ದೊಡ್ಡದು, ದುಡಿಮೆ ಮಾತ್ರ ಅಷ್ಟಕ್ಕಷ್ಟೆ,” ಎಂದು ನಕ್ಕಳು. ಮಾವ ಎರಡು ದಿನ ಅವಳ ಕೈಯ ಕಾಫಿ ಕುಡಿಯಲಿಲ್ಲ. ಮೂರನೇ ದಿನ, ತಾವೇ ಮಾಡಿಕೊಂಡ ಕಾಫಿ ಬಾಯಿಗಿಡಲಾಗದೆ ರಾಜಿಯಾದರು.

“ಕೇಳಿಲ್ಲಿ,” ಅಂದರು. “ನಿನ್ನ ಕಾರಿನ ಕುದುರೆಗಳು ಕಿರುಚಾಡ್ಕೊಂಡು ಓಡಿದ್ರೇನೇ ಕೆಲಸ. ಇವು ನಡ್ಕೊಂಡು ಎಳೆಯೋ ಕುದುರೆ. ಏರಿನಲ್ಲಿ ಇದರ ದನಿ ಇಳೀತಾ ಹೋಗುತ್ತೆ, ಇನ್ನೇನು ಸತ್ತೇಹೋಯ್ತು ಅನ್ಸುತ್ತೆ. ಆಗ ಮಾತ್ರ ಗೇರಿಗೆ ಕೈ ಹಾಕಬೇಡ. ದನಿ ತಳ ಮುಟ್ಟಲಿ. ಇದರ ಬಲ ಇರೋದೇ ಅಲ್ಲಿ.”

ಹೇಳುವುದೇನೋ ಹೇಳಿದರು. ಆದರೆ ಕಾರಿನ ಅಭ್ಯಾಸ ಬಿಡಬೇಕಲ್ಲ. ದನಿ ಕುಗ್ಗಿತೋ ಇಲ್ಲವೋ, ಅವಳ ಕೈ ಗೇರಿಗೆ ಹೋಗುತ್ತಿತ್ತು. ಆ ಹಳೇ ಗೇರು ಏರಿನಲ್ಲಿ ಅಷ್ಟು ಸುಲಭಕ್ಕೆ ಬೀಳುವ ಜಾತಿಯದಲ್ಲ. ಕರಕರ ಅಂದು ಲಾರಿ ಹಿಂದಕ್ಕೆ ಜಾರುತ್ತಿತ್ತು. ನಿನ್ನೆ ಏಳು ಸಲ ಹತ್ತಿಸಿದರೆ ಐದು ಸಲ ಜಾರಿತ್ತು. ಪರೀಕ್ಷೆಯಲ್ಲಿ ಒಂದು ಅಡಿ ಜಾರಿದರೂ ಫೇಲು.

ಇಟ್ಟಿಗೆ ತುಂಬಿದ ಲಾರಿ ಹೊರಟಿತು. ಏರಿನ ಕೆಳಗೆ ತನ್ನ ಪುಟ್ಟ ಕಾರಿಗೆ ಒರಗಿ ನಿಂತಿದ್ದ ಡ್ರೈವಿಂಗ್ ಶಾಲೆಯ ಮೇಷ್ಟ್ರು, ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದ. “ಎಷ್ಟು ಕುದುರೆ ಯಜಮಾನ್ರೇ ಈ ಪುರಾತನಕ್ಕೆ?”

“ಎಷ್ಟೇ ಇರಲಿ ಬಿಡಪ್ಪ. ಗಲಾಟೆ ಮಾಡೋವಲ್ಲ.”

ಬಾಯಲ್ಲಿ ಹಾಗಂದರೂ ಮಾವ ಜೀವ ಕೈಯಲ್ಲಿ ಹಿಡಿದು ನಿಂತಿದ್ದರು. ಇಷ್ಟು ವರ್ಷ ಒಳಗೇ ಕೂತಿದ್ದವರು, ತಮ್ಮ ಲಾರಿ ಏರು ಹತ್ತುವ ಸದ್ದನ್ನು ಹೊರಗೆ ನಿಂತು ಕೇಳುತ್ತಿರುವುದು ಇದೇ ಮೊದಲು. ಎಷ್ಟು ಒಳ್ಳೆಯ ದನಿ ಇದಕ್ಕೆ ಅನ್ನಿಸಿತು. ಅರ್ಧ ಏರಿಗೆ ಹೋಗುವಷ್ಟರಲ್ಲಿ ಅದು ಇಳಿಯತೊಡಗಿತು. ಇನ್ನೂ ಇಳಿಯಿತು. ಲಾರಿ ಆಮೆಯಾಯಿತು. “ಗೇರು ಬದಲಾಯಿಸಬೇಕಿತ್ತು ಆಯಮ್ಮ, ಇನ್ನು ನಿಲ್ಲುತ್ತೆ ನೋಡಿ,” ಎಂದ ಮೇಷ್ಟ್ರು. ಬೇಡ ಮಗಳೇ, ನಿನ್ನ ದಮ್ಮಯ್ಯ, ಮುಟ್ಟಬೇಡ ಎಂದು ಮಾವ ಒಳಗೊಳಗೇ ಬೇಡಿಕೊಂಡರು. ಸವೆದ ಮಂಡಿಯ ಕಾಲು ತಾನಾಗಿಯೇ ನೆಲ ಒತ್ತುತ್ತಿತ್ತು, ನೋವು ಗೊತ್ತಾಗಲಿಲ್ಲ. ದನಿ ತಳ ಮುಟ್ಟಿತು. ಅಲ್ಲೇ ನಿಂತಿತು. ಆಮೇಲೆ ಆ ಮುದಿ ಎಂಜಿನ್ನು ಗೊಣಗುತ್ತಾ, ಯಾರ ಹಂಗೂ ಇಲ್ಲದ ಹಾಗೆ, ಅಷ್ಟೂ ಇಟ್ಟಿಗೆಯನ್ನು ಏರಿನ ನೆತ್ತಿಗೆ ಎಳೆದು ಹಾಕಿತು.

ಲಾರಿ ಸುತ್ತಿ ಕೆಳಗೆ ಬರುವವರೆಗೂ ಮಾವ ಮೇಷ್ಟ್ರನ್ನು ಬಿಡಲಿಲ್ಲ. “ನೋಡಿದ್ಯಾ? ಕೈ ಹೋಯ್ತಾ ಗೇರಿಗೆ? ಇದು ಹೇಳಿಕೊಟ್ರೆ ಬರೋದಲ್ಲಪ್ಪ. ಆ ಹೊತ್ತಲ್ಲಿ ತಡ್ಕೊಂಡು ಕೂರೋ ಗುಂಡಿಗೆ ಬೇಕು. ನನಗೇ ಎಂಟು ವರ್ಷ ಹಿಡೀತು.” ಮೇಷ್ಟ್ರು ಹೂಂ ಹೂಂ ಅನ್ನುತ್ತಾ ಕನ್ನಡಕ ಒರೆಸಿಕೊಂಡ.

ಇನ್ಸ್‌ಪೆಕ್ಟರು ಹಾಳೆಯ ಮೇಲೆ ಪಾಸು ಎಂದು ಬರೆದು ಅವಳ ಕೈಗಿತ್ತು ಹೋದರು. ಸೊಸೆ ಇಳಿದು ಬಂದು ಮಾವನ ಪಕ್ಕ ನಿಂತಳು. ಮಾವ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು.

“ಮಾವ, ನಿಮ್ಮ ಹತ್ರ ಸುಳ್ಳು ಯಾಕೆ ಹೇಳಲಿ,” ಅಂದಳು ಅವಳು. “ನಾನೇನೂ ಕಾಯಲಿಲ್ಲ. ಹೆದರಿಕೆಗೆ ಕೈ ಮೇಲೇಳಲೇ ಇಲ್ಲ. ಎತ್ತಿದ್ದಿದ್ರೆ ಖಂಡಿತ ಗೇರು ಹಾಕಿಬಿಡ್ತಿದ್ದೆ.”

ಮಾವ ಹಿಂದಕ್ಕೆ ತಿರುಗಿ, ಬಿಸಿಯಾಗಿ ನಿಂತಿದ್ದ ಲಾರಿಯನ್ನು ಒಮ್ಮೆ ನೋಡಿದರು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದರು.

“ಮೆಲ್ಲಗೆ ಹೇಳಮ್ಮ. ಪಾಪ, ಅದು ನಿನ್ನನ್ನ ನಂಬಿಬಿಟ್ಟಿದೆ.”