ಕೇಳಿಸ್ತಿಲ್ಲ ಅಣ್ಣಾ

ಟವರಿನ ತುದಿಯಲ್ಲಿ ಹೊಸ ಆಂಟೆನಾದ ಕೊನೆಯ ಬೋಲ್ಟು ಬಿಗಿದು, ಸೊಂಟದ ಬೆಲ್ಟಿನ ಕೊಂಡಿಯನ್ನು ಒಮ್ಮೆ ಎಳೆದು ನೋಡಿ, ಮೆಕ್ಯಾನಿಕ್ ಜೇಬಿನಿಂದ ಮೊಬೈಲ್ ತೆಗೆದ. ಹೊಸ ನೆಟ್‌ವರ್ಕ್ ಚಾಲೂ ಆದ ಕೂಡಲೇ ಮೊದಲ ಕರೆ ಮಾಡುವ ಹಕ್ಕು ಮೇಲೆ ಹತ್ತಿದವನದು. ಅದು ಟವರಿನವರ ಕಟ್ಟುಪಾಡು. ಇವನ ಮೊದಲ ಕರೆ ಯಾವಾಗಲೂ ತಂಗಿಗೆ; ಇವತ್ತಂತೂ ಅವಳದೇ ಊರಿನ ಟವರು.

ತಂಗಿಯ ಮದುವೆಯ ಹೊತ್ತಿಗೆ ಇಲ್ಲಿದ್ದದ್ದು ಟೂಜಿ. ಗಂಡನ್ನು ಹುಡುಕಿದವನೂ ಇವನೇ, ಚಿನ್ನದಂಥ ಹುಡುಗ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನೂ ಇವನೇ. ಆಮೇಲೆ ಫೋನಿನಲ್ಲಿ “ನಿಮ್ಮನೆಯವರು ಹೇಗಿದಾರೆ?” ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಹಲೋ? ಕೇಳಿಸ್ತಿಲ್ಲ ಅಣ್ಣಾ... ಹಲೋ?” ಅಷ್ಟಕ್ಕೆ ಕಟ್. ಇವನು ಟೂಜಿಯನ್ನು ಬೈದ. ತ್ರೀಜಿ ಬಂತು, ಮತ್ತೆ ಅದೇ ಪಾಡು, ತ್ರೀಜಿಯನ್ನೂ ಬೈದ. ಸಿಗ್ನಲ್ಲಿಗೆ ಬಾಯಿದ್ದಿದ್ದರೆ ತಿರುಗಿ ಬೈಯುತ್ತಿತ್ತೇನೋ. ಕೊನೆಗೆ ಮೇಲಿನವರ ಕೈಕಾಲು ಹಿಡಿದು ಈ ಊರಿಗೆ ಫೋರ್‌ಜಿ ಹಾಕಿಸಿದ. ಹೋದ ತಿಂಗಳು ತಂಗಿಗೆ ಹೊಸ ಫೋನನ್ನೂ ಕಳಿಸಿದ್ದ.

“ಅಣ್ಣಾ!” ಎಂದಳು ಅವಳು. ಬೆನ್ನ ಹಿಂದೆಯೇ ನಿಂತು ಕರೆದ ಹಾಗಿತ್ತು. ಗೊರಗೊರ ಇಲ್ಲ, ತುಂಡುತುಂಡು ಮಾತಿಲ್ಲ. ಅವನು ಬೆಚ್ಚಿ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಎಷ್ಟು ಚೆನ್ನಾಗಿ ಕೇಳಿಸ್ತಿದೆ ನೋಡೇ! ನಿಮ್ಮನೆಯವರು ಹೇಗಿದಾರೆ?”

“ಇಲ್ಲೇ... ಪಕ್ಕದಲ್ಲೇ ಕೂತು ಊಟ ಮಾಡ್ತಿದಾರೆ.”

ಆ ಮಾತಿನ ಹಿಂದೆಯೇ ಬೀಗ ತೆಗೆದ ಸದ್ದು, ಇನ್ಯಾರೋ ಹೆಂಗಸಿನ ದನಿ: “ನೋಡಮ್ಮ, ಒಬ್ಬರೇ ಇರೋದಾದ್ರೆ ಈ ರೂಮು ಧಾರಾಳ ಸಾಕು. ಬಿಟ್ಟು ಹೋದ ಗಂಡ ಮತ್ತೆ ಬಂದು ಸೇರ್ಕೊಳ್ಳಲ್ಲ ತಾನೇ?”

ತಂಗಿ ಅವಸರ ಅವಸರವಾಗಿ, “ಹಲೋ? ಕೇಳಿಸ್ತಿಲ್ಲ ಅಣ್ಣಾ... ಹಲೋ?” ಎಂದಳು.

ಫೋನಿನ ಮೂಲೆಯಲ್ಲಿ ಸಿಗ್ನಲಿನ ಗೆರೆಗಳೆಲ್ಲ ತುಂಬಿ ನಿಂತಿದ್ದವು. ಅವಳು ಉಗುಳು ನುಂಗಿದ್ದು ಕೂಡ ಕೇಳಿಸುತ್ತಿತ್ತು. ಅಣ್ಣ ನೋಡಿದ ಗಂಡು, ಅಣ್ಣನ ಮಾತು ಸುಳ್ಳಾಗಬಾರದು ಎಂದು ಇಷ್ಟು ವರ್ಷ ಅವಳು ಇನ್ನೇನೇನು ನುಂಗಿಕೊಂಡಿದ್ದಳೋ!

“ನನಗೂ ಸರಿಯಾಗಿ ಕೇಳಿಸ್ತಿಲ್ಲ ಕಣೇ,” ಎಂದ. “ಆ ರೂಮು ಯಾವ ಬೀದೀಲಿದೆ ಅಂತ ಮಾತ್ರ ಜೋರಾಗಿ ಹೇಳು. ನಾನು ನಿಮ್ಮೂರಲ್ಲೇ ಇದೀನಿ. ಈಗಲೇ ಬರ್ತೀನಿ.”

ಈ ಸಲ ಅವಳು ಕಟ್ ಮಾಡಲಿಲ್ಲ. ತುಂಬ ಹೊತ್ತು ಅತ್ತಳು. ಆಮೇಲೆ, “ಹಳೇ ಅಚ್ಚುಕೂಟದ ಹಿಂದಿನ ಬೀದಿ,” ಎಂದಳು.

ಕೆಳಗೆ ನಿಂತಿದ್ದ ಇಂಜಿನಿಯರ್ ಕತ್ತೆತ್ತಿ ಕೂಗಿದ: “ಹೇಗಿದೆಯಪ್ಪಾ ಹೊಸ ನೆಟ್‌ವರ್ಕು?”

ಮೆಕ್ಯಾನಿಕ್ ತೋಳಿನಿಂದ ಕಣ್ಣೊರೆಸಿಕೊಂಡ.

“ಹಳೇದೇ ಚೆನ್ನಾಗಿತ್ತು ಸಾರ್. ಆದರೂ ಇದೇ ಇರಲಿ.”